ಕ್ಲಿನಿಕ್ಕಿನಲ್ಲಿ ಬಿಪಿ ಸರಿ, ನಿದ್ದೆ ಸರಿಯಿಲ್ಲ: ರಾತ್ರಿಯ ಬಿಪಿ ಓದುವುದು ಹೇಗೆ?

ಬೆಳಗಿನಜಾವ

ಚರ್ಚೆಗೆ ಒಂದು ಮಾದರಿ ವರದಿ ಇಡುತ್ತಿದ್ದೇನೆ. ಕ್ಲಿನಿಕ್ಕಿನಲ್ಲಿ ಅಳೆದ ಬಿಪಿ 126/80. ಆಮೇಲೆ 24 ಗಂಟೆ ತೋಳಿಗೆ ಕಟ್ಟಿಕೊಂಡಿರುವ ಆಂಬುಲೇಟರಿ ಬಿಪಿ ಯಂತ್ರ ಕೊಟ್ಟ ಲೆಕ್ಕ ಹೀಗಿದೆ: ಎಚ್ಚರವಿದ್ದ ಹೊತ್ತಿನ ಸರಾಸರಿ 128/80, ಮಲಗಿದ್ದ ಹೊತ್ತಿನದು 124/76, ಇಡೀ ದಿನದ್ದು 127/79. ಕೊನೆಯಲ್ಲಿ ‘ನಾನ್-ಡಿಪ್ಪರ್’ ಎಂಬ ಒಂದು ಪದ, ಅಷ್ಟೇ. ಜೊತೆಗಿರುವ ದೂರುಗಳು: ಗೊರಕೆ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ದಣಿವು ಇಳಿಯದಿರುವುದು.

ಎಲ್ಲ ಸಂಖ್ಯೆಯೂ 130ರ ಒಳಗೇ ಇರುವುದರಿಂದ ಇಂಥ ವರದಿಯನ್ನು ಮಡಚಿ ಕಪಾಟಿಗೆ ಹಾಕುವವರೇ ಹೆಚ್ಚು. ಹಾಗೆ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಯಾವ ಸಂಖ್ಯೆ ಮಿತಿ ದಾಟಿದೆ, ನಿದ್ದೆಗೂ ಅದಕ್ಕೂ ಏನು ನಂಟು, ಮುಂದೆ ಏನೇನು ನೋಡಬೇಕು? ತಿಳಿದವರು ಬಿಡಿಸಿ ಹೇಳಿ.

ತೋಳುಪಟ್ಟಿ

ತಪ್ಪು ನಡೆಯುವುದೇ ಅಲ್ಲಿ. ಒಂದೇ ಅಳತೆಗೋಲಿನಲ್ಲಿ ಹಗಲನ್ನೂ ರಾತ್ರಿಯನ್ನೂ ಅಳೆಯುತ್ತೇವೆ. ಯುರೋಪಿನ ಮಾರ್ಗಸೂಚಿಯಲ್ಲಿ ‘ಹೆಚ್ಚು’ ಎನ್ನುವ ಮಿತಿ ಪ್ರತಿ ಹೊತ್ತಿಗೂ ಬೇರೆ: ಕ್ಲಿನಿಕ್ಕಿನಲ್ಲಿ 140/90, ಹಗಲಿನ ಸರಾಸರಿ 135/85, 24 ಗಂಟೆಯದು 130/80, ನಿದ್ದೆಯ ಹೊತ್ತಿಗೆ 120/70. ನೀವು ಕೊಟ್ಟ ವರದಿಯಲ್ಲಿ ಈ ಕ್ರಮದ ಮೊದಲ ಮೂರೂ ಮಿತಿಯೊಳಗಿವೆ. ನಾಲ್ಕನೆಯದು, 124/76, ಮೇಲಿನದೂ ಕೆಳಗಿನದೂ ಎರಡೂ ದಾಟಿವೆ. ಅಮೆರಿಕದ 2017ರ ಮಾರ್ಗಸೂಚಿ ಇನ್ನೂ ಬಿಗಿ: ರಾತ್ರಿಗೆ 110/65.

ಈಗ ಇಳಿತದ ಲೆಕ್ಕ. ಹಗಲಿನ ಮೇಲಿನ ಸಂಖ್ಯೆಯಿಂದ ರಾತ್ರಿಯದನ್ನು ಕಳೆದು, ಹಗಲಿನದರಿಂದ ಭಾಗಿಸಿ. 128ರಲ್ಲಿ 124 ಕಳೆದರೆ 4. ಅದು 128ರ ಶೇ. 3 ಮಾತ್ರ. ಆರೋಗ್ಯವಂತರಲ್ಲಿ ನಿದ್ದೆಯಲ್ಲಿ ಬಿಪಿ ಶೇ. 10ರಿಂದ 20 ಇಳಿಯಬೇಕು. ಶೇ. 10ಕ್ಕಿಂತ ಕಡಿಮೆ ಇಳಿದರೆ ನಾನ್-ಡಿಪ್ಪರ್. ಇಳಿಯುವ ಬದಲು ಏರಿದರೆ ರಿವರ್ಸ್ ಡಿಪ್ಪರ್, ಅದು ಹೆಚ್ಚು ಆತಂಕದ ವಿಷಯ.

ಕ್ಲಿನಿಕ್ಕಿನಲ್ಲಿ ಸರಿಯಿದ್ದು ಹೊರಗೆ ಏರಿರುವ ಬಿಪಿಗೆ ‘ಮಾಸ್ಕ್ಡ್ ಹೈಪರ್‌ಟೆನ್ಷನ್’ ಎಂಬ ಹೆಸರು ಬಂದದ್ದು 2002ರಲ್ಲಿ ಥಾಮಸ್ ಪಿಕರಿಂಗ್ ಮತ್ತು ಜೊತೆಗಾರರ ಬರಹದಿಂದ. ಮರೆಯಲ್ಲಿ ಕುಳಿತ ರಕ್ತದೊತ್ತಡ ಅನ್ನಬಹುದು. ಅದರಲ್ಲೇ ಅತಿ ಮರೆಯಲ್ಲಿರುವುದು ಇದು, ರಾತ್ರಿ ಮಾತ್ರ ಏರಿರುವ ಬಗೆ. ಹಗಲಲ್ಲಿ ಎಷ್ಟು ಸಲ ಅಳೆದರೂ ಸಿಗುವುದಿಲ್ಲ. ಮುಂದೆ ಹೃದಯಾಘಾತ, ಪಾರ್ಶ್ವವಾಯು ಬರುವ ಅಪಾಯವನ್ನು ಹಗಲಿನ ಬಿಪಿಗಿಂತ ರಾತ್ರಿಯ ಬಿಪಿ ಹೆಚ್ಚು ಖಚಿತವಾಗಿ ಹೇಳುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಾಗಿ ನಿದ್ದೆಯ ಹೊತ್ತಿನ ಸಂಖ್ಯೆಯನ್ನೇ ಮೊದಲು ಓದಿ.

ನಿದ್ದೆಲ್ಯಾಬ್

ನಿದ್ದೆಯ ನಂಟಿನ ಬಗ್ಗೆ ನಾನು ಬರೆಯುತ್ತೇನೆ. ನಿದ್ದೆ ಆಳವಾದಂತೆ ನರಮಂಡಲದ ‘ಓಡು, ಹೋರಾಡು’ ಎನ್ನುವ ಪಾಲು ಸುಮ್ಮನಾಗುತ್ತದೆ, ನಾಡಿ ನಿಧಾನವಾಗುತ್ತದೆ, ರಕ್ತನಾಳ ಸಡಿಲವಾಗುತ್ತದೆ. ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಆಳನಿದ್ದೆ ಹೆಚ್ಚು. ಬಿಪಿ ಇಳಿಯುವ ಮುಖ್ಯ ಹೊತ್ತೂ ಅದೇ. ಕನಸಿನ ನಿದ್ದೆಯಲ್ಲಿ ಬಿಪಿ ಏರಿಳಿಯುತ್ತದೆ, ಅದು ಸಹಜ. ಯಾವುದೋ ಕಾರಣಕ್ಕೆ ನಿದ್ದೆ ಚೂರುಚೂರಾದರೆ ಮೊದಲು ನಷ್ಟವಾಗುವುದು ಆಳನಿದ್ದೆ, ಅದರ ಜೊತೆಗೆ ಈ ಇಳಿತ.

ಚೂರು ಮಾಡುವ ಕಾರಣಗಳಲ್ಲಿ ಮುಖ್ಯವಾದದ್ದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರಿಗೆ ಮತ್ತೆ ಮತ್ತೆ ತಡೆ ಬೀಳುವ ತೊಂದರೆ. ಒಂದು ಸಲದ ತಡೆ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ಗಂಟಲಿನ ಸ್ನಾಯು ಸಡಿಲವಾಗಿ ಗಾಳಿದಾರಿ ಮುಚ್ಚುತ್ತದೆ. ಎದೆ, ಹೊಟ್ಟೆ ಎಳೆದಾಡುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕತ್ತಿನ ರಕ್ತನಾಳದ ಬಳಿ ಇರುವ ಸಂವೇದಕಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಕೆಲವೇ ಸೆಕೆಂಡು ಎಚ್ಚೆತ್ತು ಗಂಟಲನ್ನು ಬಿಡಿಸುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ. ದೊಡ್ಡ ಸದ್ದಿನೊಂದಿಗೆ ಉಸಿರು ಮರಳುವ ಆ ಕ್ಷಣದಲ್ಲೇ ಬಿಪಿ ಚಿಮ್ಮುತ್ತದೆ. ಬೆರಳಿನ ಆಕ್ಸಿಮೀಟರ್‌ನಲ್ಲಿ ಆಮ್ಲಜನಕದ ತಳಮಟ್ಟವೂ ಉಸಿರು ಮರಳಿದ ಮೇಲೆಯೇ ಕಾಣುತ್ತದೆ. ರಕ್ತ ಶ್ವಾಸಕೋಶದಿಂದ ಬೆರಳಿನವರೆಗೆ ಬರಲು ಹೊತ್ತು ಬೇಕಲ್ಲ.

10 ಸೆಕೆಂಡಾದರೂ ನಡೆದ ತಡೆಯನ್ನು ಮಾತ್ರ ಎಣಿಸುತ್ತೇವೆ. ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ಮತ್ತು ಮೇಲೆ ತೀವ್ರ. ಗಂಟೆಗೆ 30 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 210 ಸಲ ಈ ಚಿಮ್ಮುವಿಕೆ. ಆಂಬುಲೇಟರಿ ಯಂತ್ರ ರಾತ್ರಿ ಅರ್ಧ ಗಂಟೆಗೊಮ್ಮೆ ಅಳೆದರೆ ಅದೇ ಏಳು ಗಂಟೆಯಲ್ಲಿ ಸಿಗುವುದು 14 ಅಳತೆ. ಅಂದರೆ ವರದಿಯ 124 ಎಂಬುದು ಶಿಖರಗಳನ್ನು ಹಿಡಿದ ಸಂಖ್ಯೆಯಲ್ಲ, ನೆಲವೇ ಮೇಲೆದ್ದಿರುವುದರ ಗುರುತು. ವರದಿ ನೋಡುವ ಎಷ್ಟೋ ಜನರಿಗೆ ಇದು ಹೊಳೆಯುವುದಿಲ್ಲ.

ಹೆಂಗಸರ ವಿಷಯದಲ್ಲಿ ಒಂದು ಮಾತು ಸೇರಿಸಲೇಬೇಕು. ಅವರಲ್ಲಿ ಆಪ್ನಿಯಾ ಜೋರು ಗೊರಕೆಯ ರೂಪದಲ್ಲೇ ಬರಬೇಕೆಂದಿಲ್ಲ. ನಿದ್ದೆ ಹತ್ತದಿರುವುದು, ಬೆಳಗಿನ ತಲೆನೋವು, ದಿನವಿಡೀ ಸುಸ್ತು ಎಂದು ಕಾಣಿಸಿಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ‘ಚಿಂತೆ ಜಾಸ್ತಿ’ ಎಂದು ಹೇಳಿ ಕಳಿಸಿಬಿಟ್ಟರೆ ವರ್ಷಗಳೇ ಕಳೆದುಹೋಗುತ್ತವೆ.

ಪಾಳಿಕೆಲಸ

ನಾನ್-ಡಿಪ್ಪರ್ ಎಂಬ ಪದವನ್ನು ನಂಬುವ ಮೊದಲು ವರದಿ ‘ರಾತ್ರಿ’ ಎಂದು ಯಾವ ಹೊತ್ತನ್ನು ಕರೆದಿದೆ ನೋಡಿ. ಬಹಳಷ್ಟು ಯಂತ್ರಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6 ಎಂದು ಮೊದಲೇ ತುಂಬಿರುತ್ತದೆ. ಮಲಗಿದ್ದು 1 ಗಂಟೆಗೆ ಎನ್ನಿ. ಅರ್ಧ ಗಂಟೆಗೊಂದರಂತೆ 16 ಅಳತೆ, ಅದರಲ್ಲಿ ಮೊದಲ 6 ಎಚ್ಚರದವು. ಎಚ್ಚರದಲ್ಲಿ 128, ನಿದ್ದೆಯಲ್ಲಿ 114 ಇದ್ದರೆ ಯಂತ್ರದ ‘ರಾತ್ರಿ ಸರಾಸರಿ’ 119 ಆಗುತ್ತದೆ, ಇಳಿತ ಶೇ. 7. ನಿಜವಾದ ಇಳಿತ ಶೇ. 11. ಸರಿಯಿದ್ದವರಿಗೆ ತಪ್ಪು ಹಣೆಪಟ್ಟಿ ಬಿತ್ತು.

ರಾತ್ರಿ ಪಾಳಿಯವರಿಗಂತೂ ಇಡೀ ಲೆಕ್ಕ ತಲೆಕೆಳಗು. ಅದಕ್ಕೇ ಚೀಟಿ ಬರೆಯಬೇಕು: ಹಾಸಿಗೆಗೆ ಹೋದ ಹೊತ್ತು, ದೀಪ ಆರಿಸಿದ ಹೊತ್ತು, ನಡುವೆ ಎದ್ದದ್ದು, ಕೊನೆಗೆ ಎಚ್ಚರವಾದದ್ದು, ಹಗಲಿನ ನಿದ್ದೆ, ಮಾತ್ರೆ ನುಂಗಿದ ಹೊತ್ತು. ಆ ಚೀಟಿಯ ಪ್ರಕಾರ ಲೆಕ್ಕ ಮತ್ತೆ ಮಾಡಿಸಿಕೊಡಿ ಎಂದು ಕೇಳಿ. ತಂತ್ರಾಂಶದಲ್ಲಿ ಹೊತ್ತು ಬದಲಿಸುವುದು ಎರಡು ನಿಮಿಷದ ಕೆಲಸ.

ತೋಳುಪಟ್ಟಿ

ಪಾಳಿಕೆಲಸ ಅವರ ಮಾತಿಗೆ ಪಟ್ಟಿಯ ಕಡೆಯಿಂದ ಕೆಲವು ಸೇರಿಸುತ್ತೇನೆ.

ತೋಳಿನ ಮಧ್ಯದ ಸುತ್ತಳತೆ ಟೇಪಿನಿಂದ ಅಳೆಯಿರಿ. ಸಾಮಾನ್ಯ ಕಫ್ (ತೋಳಿಗೆ ಕಟ್ಟುವ ಉಬ್ಬುವ ಪಟ್ಟಿ) ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ; ಅದಕ್ಕಿಂತ ದಪ್ಪ ತೋಳಿಗೆ ದೊಡ್ಡ ಕಫ್. ಚಿಕ್ಕ ಕಫ್ ಹಾಕಿದರೆ ಬಿಪಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಆಪ್ನಿಯಾ ಇರುವವರಲ್ಲಿ ಅನೇಕರ ತೋಳು ದಪ್ಪ, ಹಾಗಾಗಿ ಈ ತಪ್ಪು ಇಲ್ಲಿ ಪದೇ ಪದೇ ಆಗುತ್ತದೆ. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಗಿಂತ 2-3 ಸೆಂ.ಮೀ. ಮೇಲಿರಲಿ. ಎಡಗೈ ಬಲಗೈ ಎರಡರಲ್ಲೂ ಬಿಪಿ ಹೆಚ್ಚುಕಡಿಮೆ ಒಂದೇ ಇದ್ದರೆ ಬರೆಯದ ಕೈಗೆ ಕಟ್ಟಿ.

ಪಟ್ಟಿ ಉಬ್ಬುವಾಗ ಕೈ ಅಲುಗಿಸಬೇಡಿ, ಮಾತಾಡಬೇಡಿ. ಅಳತೆ ತಪ್ಪಿದರೆ ಯಂತ್ರ ಒಂದೆರಡು ನಿಮಿಷದಲ್ಲಿ ಮತ್ತೆ ಉಬ್ಬುತ್ತದೆ. ರಾತ್ರಿ ಹೀಗೆ ಎರಡೆರಡು ಸಲ ಉಬ್ಬಿದಾಗಲೇ ನಿದ್ದೆ ಕೆಡುವುದು. ಕೊಳವೆ ಮೈಕೆಳಗೆ ಸಿಕ್ಕಿ ಮಡಚಿಕೊಳ್ಳದಂತೆ ಭುಜದ ಮೇಲಿಂದ ಹಾಯಿಸಿ, ಯಂತ್ರವನ್ನು ದಿಂಬಿನ ಪಕ್ಕ ಇಡಿ. ಮಗ್ಗುಲಾದಾಗ ಕಫ್ ಇರುವ ತೋಳು ಮೇಲ್ಗಡೆ ಬಂದರೆ ಅದು ಹೃದಯಕ್ಕಿಂತ ಎತ್ತರವಾಗುತ್ತದೆ. ಪ್ರತಿ 10 ಸೆಂ.ಮೀ. ಎತ್ತರಕ್ಕೆ 7-8 ಅಂಕ ಕಡಿಮೆ ತೋರಿಸುತ್ತದೆ, ಮರೆಯಲ್ಲಿರುವುದು ಮತ್ತೂ ಮರೆಯಾಗುತ್ತದೆ.

ಒಟ್ಟು ಅಳತೆಗಳಲ್ಲಿ ಕನಿಷ್ಠ ಶೇ. 70 ಸರಿಯಾಗಿ ದಾಖಲಾಗಿರಬೇಕು. ಹಗಲಿಗೆ 20, ನಿದ್ದೆಗೆ 7 ಇಲ್ಲದಿದ್ದರೆ ಪರೀಕ್ಷೆ ಮತ್ತೆ ಮಾಡಿಸಿ. ಅಳತೆ ಸಾಕಷ್ಟಿದ್ದರೂ ‘ಪಟ್ಟಿಯ ಕಾಟಕ್ಕೆ ನಿದ್ದೆಯೇ ಬರಲಿಲ್ಲ’ ಎನ್ನುವವರಲ್ಲಿ ಇಳಿತ ಕಾಣದಿದ್ದರೆ ಅದನ್ನು ನಂಬುವಂತಿಲ್ಲ. ಡಿಪ್ಪಿಂಗ್, ಅಂದರೆ ಈ ಇಳಿತ, ಎನ್ನುವುದು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಬದಲಾಗುವ ಗುಣ. ಒಂದೇ ರಾತ್ರಿಯ ಮೇಲೆ ತೀರ್ಪು ಕೊಡುವುದಕ್ಕಿಂತ ಸಾಧ್ಯವಾದರೆ ಎರಡನೇ ಸಲ ಮಾಡಿಸುವುದು ಒಳ್ಳೆಯದು.

ಬೆಳಗಿನಜಾವ

ಬಹಳ ಉಪಯೋಗವಾಯಿತು. ಇನ್ನೊಂದು ಪ್ರಶ್ನೆ. ಆಂಬುಲೇಟರಿ ಪರೀಕ್ಷೆ ಎಲ್ಲರಿಗೂ ಸುಲಭವಾಗಿ ಸಿಗುವುದಿಲ್ಲ. ಮನೆಯ ಡಿಜಿಟಲ್ ಯಂತ್ರ, ಕೈಗಡಿಯಾರ, ಬೆರಳಿನ ಆಕ್ಸಿಮೀಟರ್, ಇವುಗಳಿಂದ ಎಷ್ಟರ ಮಟ್ಟಿಗೆ ತಿಳಿಯಬಹುದು?

ತೋಳುಪಟ್ಟಿ

ತೋಳಿಗೆ ಕಟ್ಟುವ ಮನೆಯಂತ್ರದಿಂದ ಹಗಲಿನ ಮರೆಬಿಪಿ ಚೆನ್ನಾಗಿ ಸಿಗುತ್ತದೆ. 7 ದಿನ, ಬೆಳಿಗ್ಗೆ ಎರಡು ಸಲ, ರಾತ್ರಿ ಮಲಗುವ ಮೊದಲು ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಬೆಳಗಿನದು ಎದ್ದ ಒಂದು ಗಂಟೆಯೊಳಗೆ, ಮೂತ್ರ ಮಾಡಿ ಬಂದ ಮೇಲೆ, ಮಾತ್ರೆ ಮತ್ತು ತಿಂಡಿಗೆ ಮೊದಲು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ. ಮೊದಲ ದಿನದ ಅಳತೆ ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಮೇಲಿದ್ದರೆ ಹೆಚ್ಚು. ಬೆಳಗಿನ ಸರಾಸರಿ ಮತ್ತು ರಾತ್ರಿಯ ಸರಾಸರಿ ಬೇರೆ ಬೇರೆ ಬರೆಯಿರಿ. ಬೆಳಗಿನದೇ ಎದ್ದು ಕಾಣುವಷ್ಟು ಹೆಚ್ಚಿದ್ದರೆ ರಾತ್ರಿ ಏನೋ ನಡೆಯುತ್ತಿರಬಹುದು ಎಂಬ ಸುಳಿವು, ಸುಳಿವು ಮಾತ್ರ. ಮಾದರಿ ವರದಿಯಂಥದ್ದನ್ನು ಈ ಕ್ರಮ ಹಿಡಿಯಲಾರದು. ನಡುರಾತ್ರಿ ತಾನೇ ಉಬ್ಬಿ ಅಳೆಯುವಂತೆ ಹೊತ್ತು ಇಡಬಹುದಾದ ಮನೆಯಂತ್ರಗಳೂ ಇವೆ. ಕೆಲವು ರಾತ್ರಿಗಳ ಸರಾಸರಿ ಅದರಿಂದ ಸಿಗುತ್ತದೆ.

ಪಟ್ಟಿಯಿಲ್ಲದ ಗಡಿಯಾರಗಳು ನಾಡಿಯ ಅಲೆಯಿಂದ ಬಿಪಿಯನ್ನು ಊಹಿಸುತ್ತವೆ. ಹಗಲಲ್ಲಿ ಕೂತು ಹೊಂದಿಸಿದ ಲೆಕ್ಕವನ್ನು ರಾತ್ರಿ ಮಲಗಿದ ಮೈಗೆ ಅನ್ವಯಿಸುವುದು ಭರವಸೆಯ ಕೆಲಸವಲ್ಲ. ರೋಗ ಗುರುತಿಸಲಾಗಲಿ ಮಾತ್ರೆ ಬದಲಿಸಲಾಗಲಿ ಅವನ್ನು ಬಳಸಬೇಡಿ.

ನಿದ್ದೆಲ್ಯಾಬ್

ಆಕ್ಸಿಮೀಟರ್ ಬಗ್ಗೆ: ರಾತ್ರಿಯಿಡೀ ದಾಖಲಿಸುವ ಬಗೆಯದಾದರೆ ಗಂಟೆಗೆ ಎಷ್ಟು ಸಲ ಆಮ್ಲಜನಕ ಶೇ. 3 ಅಥವಾ 4 ಅಂಶ ಕುಸಿಯಿತು ಎಂದು ಎಣಿಸುತ್ತದೆ. ಗರಗಸದ ಹಲ್ಲಿನಂತೆ ಇಳಿದೇರುವ ಗೆರೆ ಕಂಡರೆ ಪರೀಕ್ಷೆಗೆ ತಡಮಾಡಬೇಡಿ. ಗೆರೆ ನೇರವಾಗಿದ್ದ ಮಾತ್ರಕ್ಕೆ ಆಪ್ನಿಯಾ ಇಲ್ಲ ಎನ್ನಲಾಗದು. ಆಮ್ಲಜನಕ ಹೆಚ್ಚು ಇಳಿಯುವ ಮೊದಲೇ ಮಿದುಳು ಎಚ್ಚೆತ್ತುಬಿಡುವವರೂ ಇದ್ದಾರೆ. ತಣ್ಣಗಿನ ಬೆರಳು, ಉಗುರುಬಣ್ಣ ಅಳತೆ ಕೆಡಿಸುತ್ತವೆ.

ಮನೆಯಲ್ಲೇ ಮಾಡುವ ನಿದ್ದೆ ಪರೀಕ್ಷೆಯಲ್ಲಿ (ಮೂಗಿನ ಗಾಳಿಯ ನಳಿಕೆ, ಎದೆಪಟ್ಟಿ, ಆಕ್ಸಿಮೀಟರ್) ಒಂದು ಒಳಗುಟ್ಟಿದೆ. ಸಾಮಾನ್ಯವಾಗಿ ಮಿದುಳಿನ ಅಲೆ ಅಳೆಯದ ಕಾರಣ ನೀವು ನಿಜವಾಗಿ ನಿದ್ದೆ ಮಾಡಿದ್ದು ಎಷ್ಟು ಹೊತ್ತೆಂದು ಅದಕ್ಕೆ ಗೊತ್ತಿಲ್ಲ. 8 ಗಂಟೆ ದಾಖಲೆ, ನಿದ್ದೆ 5 ಗಂಟೆ, ತಡೆಗಳು 80 ಎನ್ನಿ. ವರದಿ 80ನ್ನು 8ರಿಂದ ಭಾಗಿಸಿ ಗಂಟೆಗೆ 10, ಸೌಮ್ಯ ಎನ್ನುತ್ತದೆ. ನಿಜ 16, ಮಧ್ಯಮ. ನಿದ್ದೆ ಸರಿ ಬಾರದವರಿಗೆ ಇದು ಮುಖ್ಯ. ಅನುಮಾನ ಬಲವಾಗಿದ್ದು ಮನೆಪರೀಕ್ಷೆ ಸರಿ ಎಂದರೆ ಲ್ಯಾಬಿನಲ್ಲಿ ಪೂರ್ತಿ ಪಾಲಿಸೋಮ್ನೋಗ್ರಫಿ (ಮಿದುಳಿನ ಅಲೆಯನ್ನೂ ಅಳೆಯುವ ನಿದ್ದೆ ಪರೀಕ್ಷೆ) ಕೇಳಿ.

ಪರೀಕ್ಷೆ ಬೇಕೇ ಎಂದು ತೂಗಲು ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳಿವೆ: ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ನೋಡಿರುವುದು, ಬಿಪಿ ಇರುವುದು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿರುವುದು, ದಪ್ಪ ಕುತ್ತಿಗೆ (ಮೂಲದಲ್ಲಿ 40 ಸೆಂ.ಮೀ.ಗಿಂತ ಹೆಚ್ಚು), ಗಂಡಸು. ಮೂರು ‘ಹೌದು’ ಬಂದರೆ ಮಧ್ಯಮ ಅಪಾಯ, ಐದು ಬಂದರೆ ಹೆಚ್ಚು. ನಾಲ್ಕನೆಯ ಪ್ರಶ್ನೆಯಲ್ಲೇ ನಮ್ಮ ವಿಷಯದ ಗಂಟು ಇದೆ ನೋಡಿ. ಬಿಪಿ ಮರೆಯಲ್ಲಿದ್ದವರು ಅದಕ್ಕೆ ‘ಇಲ್ಲ’ ಎಂದೇ ಬರೆಯುತ್ತಾರೆ, ಒಂದು ಅಂಕ ತಪ್ಪುತ್ತದೆ.

ಉಪ್ಪುನೀರು

ರಾತ್ರಿ ಮೂತ್ರಕ್ಕೆ ಏಳುವುದನ್ನು ಯಾರೂ ಮುಟ್ಟಲಿಲ್ಲ, ಅದು ವರದಿಯ ಕೀಲಿಕೈ ಇರಬಹುದು. ಹಗಲಲ್ಲಿ ಸೇರಿದ ಸೋಡಿಯಂ ಅನ್ನು ಮೂತ್ರಪಿಂಡ ಹಗಲಲ್ಲೇ ಹೊರಹಾಕಲಾಗದಿದ್ದರೆ ರಾತ್ರಿ ಒತ್ತಡ ಏರಿಸಿಕೊಂಡು ಹೊರಹಾಕುತ್ತದೆ. ಒತ್ತಡ ಹೆಚ್ಚಾದಂತೆ ಉಪ್ಪೂ ನೀರೂ ಹೆಚ್ಚು ಇಳಿಯುತ್ತವೆ. ಬಿಪಿ ಇಳಿಯದಿರುವುದು, ಮೂತ್ರ ತುಂಬುವುದು ಎರಡೂ ಒಂದೇ ಬೇರಿನವು. ಆಪ್ನಿಯಾ ಇದ್ದರೆ ಇನ್ನೊಂದು ದಾರಿಯೂ ಸೇರುತ್ತದೆ: ಮುಚ್ಚಿದ ಗಂಟಲಿನ ವಿರುದ್ಧ ಎಳೆದಾಗ ಎದೆಯೊಳಗಿನ ಒತ್ತಡ ಕುಸಿದು ಹೃದಯದ ಮೇಲ್ಕೋಣೆಗೆ ಹೆಚ್ಚು ರಕ್ತ ನುಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದುಕೊಂಡ ಹೃದಯ ಮೂತ್ರ ಹೆಚ್ಚಿಸುವ ಹಾರ್ಮೋನು ಬಿಡುತ್ತದೆ.

ಅಳೆಯುವುದು ಸುಲಭ. ಒಂದು ಅಳತೆ ಪಾತ್ರೆ ಇಟ್ಟುಕೊಂಡು 24 ಗಂಟೆಯ ಮೂತ್ರದ ಪ್ರಮಾಣ ಬರೆಯಿರಿ. ಮಲಗಿದ ಮೇಲೆ ಎದ್ದು ಮಾಡಿದ್ದು ಮತ್ತು ಬೆಳಗಿನ ಮೊದಲನೆಯದು, ಇವೆರಡೂ ರಾತ್ರಿಯ ಲೆಕ್ಕಕ್ಕೆ. 65 ದಾಟಿದವರಲ್ಲಿ ರಾತ್ರಿಯ ಪಾಲು ಒಟ್ಟಿನ ಶೇ. 33 ಮೀರಿದರೆ, ಚಿಕ್ಕ ವಯಸ್ಸಿನವರಲ್ಲಿ ಶೇ. 20 ಮೀರಿದರೆ, ಅದು ಹೆಚ್ಚು. ಸಲ ಹೆಚ್ಚಿದ್ದು ಪ್ರಮಾಣ ಕಡಿಮೆಯಿದ್ದರೆ ಮೂತ್ರಕೋಶವನ್ನೋ ಪ್ರಾಸ್ಟೇಟನ್ನೋ ನೋಡಬೇಕು, ದಾರಿಯೇ ಬೇರೆ. ಜೊತೆಗೆ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಅದು ಒಂದು ಗ್ರಾಂಗೆ 30 ಮಿ.ಗ್ರಾಂ. ಮೀರಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರಬಹುದು, ಪರೀಕ್ಷೆ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಇಂಥವರಿಗೆ ರಾತ್ರಿಯ ಬಿಪಿಗೇ ನೇರವಾಗಿ ತಟ್ಟುತ್ತದೆ.

ಹೊಸಓದುಗ

ಹಾಗಿದ್ದರೆ ಬಿಪಿ ಮಾತ್ರೆಯನ್ನು ಬೆಳಿಗ್ಗೆಯ ಬದಲು ರಾತ್ರಿ ತೆಗೆದುಕೊಂಡರೆ ಮುಗಿಯಿತಲ್ಲವೇ? ಹಾಗೆ ಮಾಡಿದರೆ ಹೃದಯಾಘಾತ ಅರ್ಧಕ್ಕರ್ಧ ತಗ್ಗುತ್ತದೆ ಎಂದು ಓದಿದ ನೆನಪು.

ಮಾತ್ರೆಚೀಟಿ

ನೀವು ಓದಿದ್ದು 2019ರ ಹೈಜಿಯಾ ಅಧ್ಯಯನದ ಬಗ್ಗೆ ಇರಬೇಕು. ಅದರ ವಿಧಾನದ ಬಗ್ಗೆ ಗಂಭೀರ ಪ್ರಶ್ನೆಗಳೆದ್ದವು. ಆಮೇಲೆ ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರನ್ನು ಐದು ವರ್ಷದಷ್ಟು ಕಾಲ ಹಿಂಬಾಲಿಸಿದ ಟೈಮ್ ಅಧ್ಯಯನ 2022ರಲ್ಲಿ ಬಂತು. ಬೆಳಿಗ್ಗೆ ನುಂಗಿದವರಿಗೂ ರಾತ್ರಿ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರೆಯದೆ ನುಂಗಲು ಅನುಕೂಲವಾದ ಹೊತ್ತೇ ಸರಿಯಾದ ಹೊತ್ತು.

ರಾತ್ರಿಯ ಬಿಪಿ ಖಚಿತವಾಗಿ ಏರಿರುವ ಕೆಲವರಿಗೆ ವೈದ್ಯರು ಹೊತ್ತು ಬದಲಿಸಬಹುದು, ಅದು ಅವರ ತೀರ್ಮಾನ. ನೀವಾಗಿ ಬದಲಿಸಬೇಡಿ ಎನ್ನಲು ಎರಡು ಕಾರಣ. ಮೂತ್ರ ಹೆಚ್ಚಿಸುವ ಮಾತ್ರೆ ರಾತ್ರಿಗೆ ಹೋದರೆ ನಿದ್ದೆ ಇನ್ನಷ್ಟು ತುಂಡಾಗುತ್ತದೆ. ಎರಡನೆಯದು ಅಪಾಯದ್ದು: ಪಾರ್ಕಿನ್ಸನ್ ಅಥವಾ ಹಳೆಯ ಸಕ್ಕರೆಕಾಯಿಲೆಯಿಂದ ನರ ಕೆಟ್ಟವರಲ್ಲಿ ಮಲಗಿದಾಗ ಬಿಪಿ ಏರಿ, ನಿಂತಾಗ ಕುಸಿಯುತ್ತದೆ. ಅಂಥವರು ನಡುರಾತ್ರಿ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ. ರಿವರ್ಸ್ ಡಿಪ್ಪರ್ ಎಂದು ಬಂದ ಪ್ರತಿಯೊಬ್ಬರಿಗೂ ಮಲಗಿಸಿ ಒಮ್ಮೆ, ನಿಂತ 1 ಮತ್ತು 3ನೇ ನಿಮಿಷಕ್ಕೆ ಒಮ್ಮೊಮ್ಮೆ ಬಿಪಿ ನೋಡಲೇಬೇಕು. ಮೇಲಿನದು 20 ಅಥವಾ ಕೆಳಗಿನದು 10 ಕುಸಿದರೆ ಚಿಕಿತ್ಸೆಯ ದಾರಿ ಬೇರೆ. ಮಂಚದ ತಲೆಭಾಗ ಎತ್ತರಿಸುವುದೂ ಅದರಲ್ಲಿ ಒಂದು.

ಮಾತ್ರೆಡಬ್ಬಿಯನ್ನೂ ಒಮ್ಮೆ ಸುರಿದು ನೋಡಿ. ಮೂಗು ಕಟ್ಟಿದ್ದಕ್ಕೆ ನುಂಗುವ ಸೂಡೋಎಫೆಡ್ರಿನ್, ನೋವಿಗೆ ದಿನವೂ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದವು, ಸ್ಟೀರಾಯ್ಡ್, ಇವೆಲ್ಲ ಬಿಪಿ ಏರಿಸುತ್ತವೆ. ನಿದ್ದೆಗೆಂದು ಮಲಗುವ ಮುಂಚೆ ಮದ್ಯ ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ಗಂಟಲು ಸಡಿಲವಾಗಿ ತಡೆಗಳು ಉದ್ದವಾಗುತ್ತವೆ. ಆಪ್ನಿಯಾ ಇದೆಯೋ ಇಲ್ಲವೋ ನೋಡದೆ ನಿದ್ದೆಮಾತ್ರೆ ಶುರುಮಾಡುವುದೂ ಅಷ್ಟೇ ತಪ್ಪು.

ನಿದ್ದೆಲ್ಯಾಬ್

ಆಪ್ನಿಯಾ ಖಚಿತವಾದವರು ಸಿಪ್ಯಾಪ್‌ನಿಂದ (ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ) ಎಷ್ಟು ನಿರೀಕ್ಷಿಸಬೇಕು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಬಿಪಿಯಲ್ಲಿ ಸರಾಸರಿ ಇಳಿತ 2-3 ಅಂಕ ಮಾತ್ರ. 2013ರ ಸ್ಪೇನಿನ ಹಿಪಾರ್ಕೊ ಅಧ್ಯಯನದಲ್ಲಿ, ಮೂರು ಮಾತ್ರೆಗೂ ಬಗ್ಗದ ಬಿಪಿ ಇದ್ದವರಲ್ಲಿ, 12 ವಾರಕ್ಕೆ 24 ಗಂಟೆಯ ಸರಾಸರಿ ಒತ್ತಡ ಸುಮಾರು 3 ಅಂಕ ಇಳಿಯಿತು. ರಾತ್ರಿಯ ಇಳಿತ ಮರಳಿದವರೂ ಹೆಚ್ಚಾದರು. ಹೆಚ್ಚು ಗಂಟೆ ಧರಿಸಿದಷ್ಟೂ ಹೆಚ್ಚು ಗುಣ; ರಾತ್ರಿಗೆ 4 ಗಂಟೆಗಿಂತ ಕಡಿಮೆ ಧರಿಸಿದರೆ ಬಿಪಿಗೆ ಅಷ್ಟೇನೂ ತಟ್ಟದು. ಅಲ್ಲದೆ ಕನಸಿನ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು, ಆಪ್ನಿಯಾ ಬಹಳ ಜನರಲ್ಲಿ ಆಗಲೇ ಕೆಡುವುದು. ಮೂರು ಗಂಟೆಗೆ ಮಾಸ್ಕ್ ತೆಗೆದಿಟ್ಟು ಮಲಗಿದರೆ ಬೇಕಾದ ಹೊತ್ತಿಗೇ ಇಲ್ಲದಂತಾಯಿತು. ಬಾಯಿ ಒಣಗುವುದು, ಕಣ್ಣಿಗೆ ಗಾಳಿ ಬಡಿಯುವುದು ಇದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಪಟ್ಟಿ ಬಿಗಿಯುವ ಮೊದಲು ಮಾಸ್ಕಿನ ಅಳತೆ ಬದಲಿಸಿ ನೋಡಿ.

ಅಂಗಾತ ಮಲಗಿದಾಗ ಮಾತ್ರ ತಡೆ ಹೆಚ್ಚಿರುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ಬಹಳ ಸಹಾಯ. ತೂಕ ಶೇ. 10 ಇಳಿದರೆ ತಡೆಗಳು ಸುಮಾರು ಕಾಲುಭಾಗ ಕಡಿಮೆಯಾಗುತ್ತವೆ ಎಂದು 2000ದ ವಿಸ್ಕಾನ್ಸಿನ್ ಅಧ್ಯಯನ ತೋರಿಸಿತು.

ಆಪ್ನಿಯಾ ಇಲ್ಲ, ನಿದ್ದೆಯೇ ಬಾರದು ಎನ್ನುವವರಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ಅಭ್ಯಾಸ ಮತ್ತು ಯೋಚನೆಗಳನ್ನು ತಿದ್ದುವ ಸಿಬಿಟಿ-ಐ ಎಂಬ ತರಬೇತಿ. ಅದರ ತಿರುಳು ಹಾಸಿಗೆಯ ಹೊತ್ತನ್ನು ಕಡಿತ ಮಾಡುವುದು. 8 ಗಂಟೆ ಹಾಸಿಗೆಯಲ್ಲಿದ್ದು 6 ಗಂಟೆ ನಿದ್ದೆಯಾದರೆ, ಏಳುವ ಹೊತ್ತನ್ನು ಭದ್ರ ಮಾಡಿ ಹಾಸಿಗೆಗೆ 6 ಗಂಟೆ ಮಾತ್ರ ಕೊಡಿ. ಆ ಹೊತ್ತಿನ ಶೇ. 85 ಭಾಗ ನಿದ್ದೆಯಾಗತೊಡಗಿದ ಮೇಲೆ ವಾರಕ್ಕೆ 15 ನಿಮಿಷ ಸೇರಿಸುತ್ತ ಹೋಗಿ. 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ಮೊದಲ ವಾರಗಳಲ್ಲಿ ಹಗಲು ತೂಕಡಿಕೆ ಬರುತ್ತದೆ, ವಾಹನ ಓಡಿಸುವವರೂ ಮೂರ್ಛೆರೋಗ ಇರುವವರೂ ತಾವಾಗಿ ಇದಕ್ಕೆ ಕೈಹಾಕಬಾರದು. ಕಾಲು ಸುಮ್ಮನಿರದ ತೊಂದರೆಯಾದರೆ ರಕ್ತದ ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ಸಂಗ್ರಹದ ಗುರುತು) ನೋಡಿಸಿ. ನಿದ್ದೆಯಲ್ಲಿ ಕಾಲು ಜಾಡಿಸಿದಾಗಲೂ ಬಿಪಿ ಚಿಮ್ಮುತ್ತದೆ.

ಬೆಳಗಿನಜಾವ

ಹಾಗಾದರೆ ಮಾದರಿ ವರದಿ ಹಿಡಿದು ವೈದ್ಯರ ಬಳಿ ಹೋಗುವಾಗ ಕೈಯಲ್ಲಿ ಏನೇನಿರಬೇಕು?

ತೋಳುಪಟ್ಟಿ

ಸರಾಸರಿಗಳ ಮೊದಲ ಪುಟ ಮಾತ್ರವಲ್ಲ, ಪ್ರತಿ ಅಳತೆಯ ಹೊತ್ತು ಇರುವ ಪೂರ್ತಿ ಪಟ್ಟಿ. ನಿದ್ದೆಯ ಚೀಟಿ. ಮನೆಯಂತ್ರದ ಏಳು ದಿನದ ಅಳತೆ. ಮೂತ್ರದ ಲೆಕ್ಕ. ನುಂಗುವ ಎಲ್ಲ ಮಾತ್ರೆಗಳ ಹೆಸರು. ಪಕ್ಕದಲ್ಲಿ ಮಲಗುವವರು ಉಸಿರು ನಿಂತದ್ದನ್ನು ನೋಡಿದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಇಲ್ಲವೇ ಫೋನಿನಲ್ಲಿ ಒಂದೆರಡು ನಿಮಿಷ ಚಿತ್ರಿಸಿಕೊಳ್ಳಿ, ಎದೆ ಎಳೆದಾಡುವುದು ಕಾಣುವಂತೆ. ಕೇಳಬೇಕಾದವು: ನಿದ್ದೆ ಪರೀಕ್ಷೆ, ಆಲ್ಬುಮಿನ್ ಅನುಪಾತ, ಕ್ರಿಯಾಟಿನಿನ್, ಸಕ್ಕರೆ, ಇಸಿಜಿ. ಹೃದಯದ ಗೋಡೆ ದಪ್ಪವಾಗಿದೆಯೇ ಎಂದು ನೋಡಲು ಎಕೋ (ಹೃದಯದ ಸ್ಕ್ಯಾನ್) ಬೇಕಾಗಬಹುದು.

ಇಷ್ಟೆಲ್ಲ ನಿಧಾನದ ಕೆಲಸ, ಒಂದೆರಡು ವಾರ ಹಿಡಿದರೆ ತೊಂದರೆಯಿಲ್ಲ. ಆದರೆ ಬಿಪಿ 180/120 ಮುಟ್ಟಿ ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಬಲ ಕುಂದುವುದು, ಮಾತು ತೊದಲುವುದು ಇದ್ದರೆ ಆ ಕ್ಷಣವೇ ತುರ್ತು ವಿಭಾಗಕ್ಕೆ ಹೋಗಿ.

ಪಾಳಿಕೆಲಸ

ಚೀಟಿಗೆ ಒಂದು ಸಾಲು ಸೇರಿಸಿ: ಪಟ್ಟಿ ಕಟ್ಟಿಕೊಂಡ ರಾತ್ರಿಯ ನಿದ್ದೆ ಎಂದಿನಂತೆ ಇತ್ತೇ, ಕಡಿಮೆಯೇ, ತೀರಾ ಕೆಟ್ಟಿತ್ತೇ? ಬೆಳಿಗ್ಗೆ ಎದ್ದ ಕೂಡಲೇ ಬರೆಯಿರಿ, ಸಂಜೆಗೆ ಮರೆತುಹೋಗುತ್ತದೆ.